ಅಕಾಡೆಮಿಗಳ ಅವಧಿಗೆ ಕಾನೂನಿನ ರಕ್ಷಣೆ ಬೇಕು

ಮಾನ್ಯ ಸಂಪಾದಕರೇ,

ರಾಜ್ಯದಲ್ಲಿ ಸರ್ಕಾರ ಬದಲಾದೊಡನೆ ಸಾಹಿತ್ಯ, ನಾಟಕ, ಯಕ್ಷಗಾನ ಮೊದಲಾದ ಅಕಾಡೆಮಿಗಳ ಅಧ್ಯಕ್ಷರ ಕುರ್ಚಿಯೂ ಅಲುಗಾಡುವುದು ವಾಡಿಕೆಯೇ ಆಗಿಬಿಟ್ಟಿದೆ. 2019ರಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಮೂರು ವರ್ಷದ ಅವಧಿ ಇನ್ನೂ ಮುಗಿಯದ ನಾಮನಿರ್ದೇಶನಗಳು ರದ್ದಾದವು. 2023ರ ಮೇ ತಿಂಗಳಲ್ಲಿ ಮತ್ತೆ ಸರ್ಕಾರ ಬದಲಾದಾಗಲಂತೂ ಹೊಸ ಅಧ್ಯಕ್ಷರ ಪಟ್ಟಿ ಹೊರಬರಲು 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಒಂದು ಆರ್ಥಿಕ ವರ್ಷವೇ ಹೆಚ್ಚುಕಡಿಮೆ ಕಳೆದುಹೋಗಿತ್ತು.

ಅಧ್ಯಕ್ಷರಿಲ್ಲದಿದ್ದರೂ ಕಚೇರಿ ನಡೆಯುತ್ತದೆ, ಸಂಬಳ ಬಟವಾಡೆಯಾಗುತ್ತದೆ. ಆದರೆ ಯಾವ ತಂಡಕ್ಕೆ ಧನಸಹಾಯ ಕೊಡಬೇಕು, ಕಮ್ಮಟವನ್ನು ಯಾವ ಊರಿನಲ್ಲಿ ನಡೆಸಬೇಕು, ಯಾವ ಹಿರಿಯ ಭಾಗವತರ ಪದಗಳನ್ನು ಮೊದಲು ಧ್ವನಿಮುದ್ರಿಸಿಕೊಳ್ಳಬೇಕು ಎಂಬುದನ್ನು ಆ ಕಲೆಯ ಒಳಹೊರಗು ಬಲ್ಲವರೇ ತೀರ್ಮಾನಿಸಬೇಕಾಗುತ್ತದೆ. ಎಂಬತ್ತು ದಾಟಿದ ಭಾಗವತರ ಕಂಠ ಸರ್ಕಾರದ ಪಟ್ಟಿಗಾಗಿ ಕಾಯುವುದಿಲ್ಲ.

1954ರಲ್ಲಿ ಉದ್ಘಾಟನೆಗೊಂಡ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರನ್ನು ಅದರ ಸಾಮಾನ್ಯ ಸಭೆಯೇ ಐದು ವರ್ಷಗಳ ಅವಧಿಗೆ ಚುನಾಯಿಸುತ್ತದೆ. ಕನ್ನಡಿಗರೇ ಆದ ಯು.ಆರ್. ಅನಂತಮೂರ್ತಿ 1993ರಲ್ಲಿ ಆ ಸ್ಥಾನಕ್ಕೆ ಬಂದರು. 1996ರ ಮೇ, ಜೂನ್ ತಿಂಗಳುಗಳಲ್ಲೇ ದೆಹಲಿ ನರಸಿಂಹ ರಾವ್, ವಾಜಪೇಯಿ, ದೇವೇಗೌಡ ಎಂಬ ಮೂವರು ಪ್ರಧಾನಿಗಳನ್ನು ಕಂಡಿತು. ಮರುವರ್ಷ ಗುಜ್ರಾಲ್ ಬಂದರು. ಇಷ್ಟೆಲ್ಲ ಆದರೂ ಅಕಾಡೆಮಿಯ ಅಧ್ಯಕ್ಷರು ಬದಲಾಗಲಿಲ್ಲ. ದೆಹಲಿಯ ಸಂಸ್ಥೆಗಳಲ್ಲಿ ಕೊರತೆಗಳಿಲ್ಲವೆಂದಲ್ಲ. ಸಾಹಿತ್ಯ, ಸಂಗೀತ ನಾಟಕ, ಲಲಿತಕಲಾ ಎಂಬ ಮೂರೂ ರಾಷ್ಟ್ರೀಯ ಅಕಾಡೆಮಿಗಳ ಪರಾಮರ್ಶೆಗೆಂದು ಭಾಭಾ, ಖೋಸ್ಲಾ, ಹಕ್ಸರ್ ಸಮಿತಿಗಳು ಒಂದರ ಹಿಂದೊಂದು ರಚನೆಯಾದದ್ದೇ ಅದಕ್ಕೆ ಸಾಕ್ಷಿ. ಆದರೂ ಅಧ್ಯಕ್ಷರನ್ನು ಆಯ್ಕೆ ಮಾಡುವ ಈ ಕ್ರಮವನ್ನಾದರೂ ನಾವು ಅಲ್ಲಿಂದ ಕಲಿಯಬಹುದಿತ್ತು.

ಆದ್ದರಿಂದ ಅಕಾಡೆಮಿಗಳ ಮೂರು ವರ್ಷದ ಅವಧಿಯನ್ನು ಕಾನೂನಿನ ಮೂಲಕವೇ ಭದ್ರಪಡಿಸಬೇಕು. ವಿಚಾರಣೆಯಲ್ಲಿ ತಪ್ಪು ಸಾಬೀತಾದ ಹೊರತು ಯಾರನ್ನೂ ಮಧ್ಯದಲ್ಲಿ ತೆಗೆಯುವಂತಿರಬಾರದು. ಕನಿಷ್ಠ ಅರ್ಧದಷ್ಟು ಸದಸ್ಯರನ್ನಾದರೂ ಆಯಾ ಕಲೆಯವರೇ ಆರಿಸಬೇಕು, ಅವಧಿ ಮುಗಿಯುವ ಮುನ್ನವೇ ಮುಂದಿನವರ ಆಯ್ಕೆಯೂ ನಡೆದುಹೋಗಬೇಕು. ಸರ್ಕಾರ ಅನುದಾನ ಕೊಡಲಿ, ಲೆಕ್ಕವನ್ನೂ ಕೇಳಲಿ. ಅದು ಅದರ ಹಕ್ಕು. 2028ರ ಚುನಾವಣೆಯಲ್ಲಿ ಯಾರು ಗೆಲ್ಲುವರೆಂದು ಯಾರಿಗೂ ತಿಳಿಯದ ಈ ಹೊತ್ತಿನಲ್ಲೇ ಇಂಥ ಮಸೂದೆಗೆ ಆಳುವವರನ್ನೂ ವಿರೋಧ ಪಕ್ಷದವರನ್ನೂ ಒಪ್ಪಿಸುವುದು ಸುಲಭ.

— ಹವ್ಯಾಸಿ ರಂಗಕರ್ಮಿ, ಶಿವಮೊಗ್ಗ