ಮುಚ್ಚಳದ ಮೇಲಿನ ಕೈ

ಕೊಲಂಬಸ್, ಒಹಾಯೋ
ಅಕ್ಟೋಬರ್

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಯಾರು ಮೊದಲು ದನಿ ಏರಿಸಿದರೆಂಬುದು ಇಬ್ಬರಿಗೂ ಗೊತ್ತಿದೆ. ಆದರೆ ಫೋನ್ ಇಟ್ಟ ಮೇಲೆ ನೀನು ಕಳಿಸಿದ ಸಂದೇಶಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಬೇಸ್ಮೆಂಟಿನಲ್ಲಿ ನಿನ್ನ ಹಾವುಗಳ ಆಹಾರಕ್ಕೆಂದು ಸಾಕಿರುವ ಇಲಿಗಳನ್ನೆಲ್ಲ ಹಾವಿನ ಅಂಗಡಿಯವರಿಗೆ ಕೊಟ್ಟುಬಿಡು, ಅವರೇ ಬಂದು ಒಯ್ಯುತ್ತಾರೆ, ನಿನಗೆ ಏನೂ ಕೆಲಸವಿರುವುದಿಲ್ಲ ಎಂದು ಬರೆದಿದ್ದೆ. ನಾನು ಕೊಡುವುದಿಲ್ಲ. ಏಕೆ ಕೊಡುವುದಿಲ್ಲವೆಂಬುದನ್ನು ಮೆಸೇಜಿನಲ್ಲಿ ಬರೆಯಲು ನನಗೆ ಬರುವುದಿಲ್ಲವಾದ್ದರಿಂದ ಈ ಪತ್ರ.

ಮೊದಲು, ನೀನು ಹೇಳಿದ್ದರಲ್ಲಿ ಸರಿಯಾದದ್ದನ್ನು ಒಪ್ಪಿಕೊಂಡುಬಿಡುತ್ತೇನೆ. ಇಲಿ ಸಾಕಣೆ ನಿಲ್ಲಬೇಕು. ನೀನು ಹೊರಡುವ ಮೊದಲು ಉಳಿದ ಹಾವುಗಳನ್ನು ಗೆಳೆಯರಿಗೆ ಒಪ್ಪಿಸಿದ ಮೇಲೆ ಈ ಮನೆಯಲ್ಲಿ ಉಳಿದ ಹಾವು ಕಾರ್ನ್ ಸ್ನೇಕ್ ಜಾತಿಯ ಕೇಸರಿ ಒಬ್ಬಳೇ. ಬೆಳೆದ ಕಾರ್ನ್ ಸ್ನೇಕ್‌ಗೆ 7ರಿಂದ 10 ದಿನಕ್ಕೊಂದು ಇಲಿ ಸಾಕು, ಅಂದರೆ ವರ್ಷಕ್ಕೆ ಹೆಚ್ಚೆಂದರೆ 50 ಚಿಲ್ಲರೆ. ಇತ್ತ ಒಂದೇ ಒಂದು ಹೆಣ್ಣಿಲಿ 19ರಿಂದ 21 ದಿನ ಗಬ್ಬ ಹೊತ್ತು, ಒಂದು ಸೂಲಿಗೆ 6ರಿಂದ 12 ಮರಿ ಹಾಕಿ, ಹೆತ್ತ ದಿನವೇ ಮತ್ತೆ ಗಂಡಿನ ಜೊತೆ ಕೂಡಬಲ್ಲದು. ಒಬ್ಬಳೇ ತಾಯಿಯ ಸಂತಾನವನ್ನೂ ಕೇಸರಿ ತಿಂದು ಮುಗಿಸಲಾರಳು. ಹೆಪ್ಪುಗಟ್ಟಿಸಿದ ಇಲಿ ಪೊಟ್ಟಣದಲ್ಲಿ ಸಿಗುವಾಗ ಈ ಗುಂಪನ್ನು ಇಟ್ಟುಕೊಳ್ಳುವುದಕ್ಕೆ ಅರ್ಥವಿಲ್ಲ. ಅದೂ ಅಲ್ಲದೆ ಇಲಿಯ ಮೂತ್ರದಲ್ಲಿರುವ ಪ್ರೋಟೀನು ಉಬ್ಬಸ ಕೆರಳಿಸುತ್ತದೆಂದು ಗೊತ್ತಿದ್ದೂ ನಿನ್ನಪ್ಪ ಇಷ್ಟು ಕಾಲ ಸೀನುತ್ತಲೇ ಸುಮ್ಮನಿದ್ದರು.

ಆದ್ದರಿಂದ ನೀನು ಕೇಳುವ ಮೊದಲೇ ಗಂಡುಗಳನ್ನು ಬೇರೆ ಮಾಡಿದ್ದೇನೆ. ಒಂದೇ ಟಬ್ಬಿನಲ್ಲಿಟ್ಟರೆ ಬಾಲ, ಬೆನ್ನುಗಳನ್ನು ಕಚ್ಚಿ ರಕ್ತ ಮಾಡಿಕೊಳ್ಳುತ್ತವೆಂದು ನೀನು ಹೇಳಿದ್ದು ನೆನಪಿಟ್ಟು, ಒಂದೊಂದಕ್ಕೂ ಪ್ರತ್ಯೇಕ ಟಬ್ಬು ಕೊಟ್ಟಿದ್ದೇನೆ. ಈಗಾಗಲೇ ಗಬ್ಬವಾಗಿರುವವು ಮೂರು ವಾರದೊಳಗೆ ಹೆರುತ್ತವೆ. ಹಾಲೂಡಿಸುತ್ತಿರುವವು ಇನ್ನೂ ಕೆಲವು ದಿನ ತಡಮಾಡಬಹುದು. ಅದು ಕೊನೆಯ ಸೂಲು. ಹೊಸ ಗಂಡಿನ ವಾಸನೆ ತಾಗಿದರೆ ಆಗತಾನೇ ಗಬ್ಬವಾದ ಹೆಣ್ಣಿಲಿಯ ಗರ್ಭ ನಿಲ್ಲುವುದಿಲ್ಲವೆಂದು ಹಿಲ್ಡಾ ಬ್ರೂಸ್ 1959ರಲ್ಲಿ ತೋರಿಸಿದ್ದನ್ನು ನೀನು ಊಟದ ಮೇಜಿನಲ್ಲಿ ವಿವರಿಸಿದ್ದೆಯಲ್ಲ, ಗಂಡುಗಳ ಟಬ್ಬುಗಳನ್ನು ಅದಲುಬದಲು ಮಾಡಿದರೆ ಆ ಸೂಲನ್ನೂ ತಪ್ಪಿಸಬಹುದೆಂದು ಒಂದು ಗಳಿಗೆ ಹೊಳೆಯಿತು. ಮನಸ್ಸು ಬರಲಿಲ್ಲ. ನಿನ್ನೆ ಒಂದು ಹೆತ್ತಿದೆ. ಮರಿಗಳ ತೆಳು ಚರ್ಮದೊಳಗೆ, ಎಡ ಪಕ್ಕೆಯಲ್ಲಿ, ಕುಡಿದ ಹಾಲು ಬೆಳ್ಳಗೆ ಕಾಣುತ್ತಿದೆ. ಹಾಲು ಕಂಡರೆ ತಾಯಿ ಮರಿಗಳನ್ನು ಒಪ್ಪಿಕೊಂಡಿದ್ದಾಳೆಂದು ಅರ್ಥ, ಇನ್ನು ಟಬ್ಬು ಅಲುಗಿಸಬೇಡ ಎಂದು ನೀನೇ ಕಲಿಸಿದ್ದು. ನೀರಿನ ಬಾಟಲಿ ಮಾತ್ರ ದಿನಕ್ಕೆರಡು ಬಾರಿ ನೋಡುತ್ತೇನೆ. ನೀರು ತಪ್ಪಿದರೆ ತಾಯಿ ಮರಿಗಳನ್ನೇ ತಿಂದುಬಿಡುತ್ತದೆಂಬ ಭಯ ನನಗೆ ಆಫೀಸಿನಲ್ಲೂ ಕಾಡುತ್ತದೆ.

ಇನ್ನು ಅಂಗಡಿಯ ವಿಷಯ. ಅವರು ಈ ಇಲಿಗಳನ್ನು ಜೀವಂತವಾಗಿಯೇ ಮಾರುತ್ತಾರೆಂಬುದು ನಿನಗೆ ಚೆನ್ನಾಗಿ ಗೊತ್ತು. ಗಾಜಿನ ಪೆಟ್ಟಿಗೆಯಲ್ಲಿ ಓಡಲು ದಾರಿಯಿಲ್ಲದ ಇಲಿ ತಿರುಗಿ ಕಚ್ಚುತ್ತದೆ, ಹಾವಿಗೆ ಗಾಯವಾಗುತ್ತದೆ, ಇಲಿಗೆ ಸಾಯುವ ಮೊದಲು ಬೇಡದ ಹೆದರಿಕೆ. ಇಬ್ಬರಿಗೂ ಅನ್ಯಾಯ ಎಂದು ವಾದಿಸಿ, ಇಲ್ಲಿಂದ ಯಾವ ಇಲಿಯೂ ಜೀವಂತವಾಗಿ ಹಾವಿನ ಮುಂದೆ ಹೋಗಕೂಡದು ಎಂಬ ಚೀಟಿಯನ್ನು ಕಪಾಟಿನ ಪಕ್ಕಕ್ಕೆ ಅಂಟಿಸಿದವಳು ನೀನು. ಚೀಟಿ ಈಗಲೂ ಅಲ್ಲೇ ಇದೆ.

ನೀನು ಮೊದಲ ಬಾರಿ ಹಾವಿಗೆಂದು ಇಲಿಗಳನ್ನು ಸಾಯಿಸಿದ ಸಂಜೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದು ನಿನಗೆ ಗೊತ್ತಿಲ್ಲ. ಅಮೆರಿಕದ ಪಶುವೈದ್ಯರ ಸಂಘದ 2020ರ ಮಾರ್ಗಸೂಚಿಯನ್ನು ಮುದ್ರಿಸಿಟ್ಟುಕೊಂಡು, ಕಾರ್ಬನ್ ಡೈಆಕ್ಸೈಡ್ ನಿಮಿಷಕ್ಕೆ ಡಬ್ಬದ ಗಾತ್ರದ ಶೇ. 30ರಿಂದ 70ರಷ್ಟು ಮಾತ್ರ ತುಂಬಬೇಕೆಂದು ಲೆಕ್ಕ ಹಾಕಿ, ಅನಿಲದ ಹರಿವನ್ನು ಅಳೆಯುವ ಫ್ಲೋಮೀಟರ್ ಕೊಳ್ಳುವವರೆಗೆ ಒಂದು ಇಲಿಯನ್ನೂ ಮುಟ್ಟಲಿಲ್ಲ. ಹಸಿ ಮರಿಗಳು ಆಮ್ಲಜನಕ ಕಡಿಮೆಯಾದರೂ ಬಹಳ ಹೊತ್ತು ತಾಳಿಕೊಳ್ಳುವುದರಿಂದ ಆ ಅನಿಲದಿಂದ ಅವು ಬೇಗ ಸಾಯುವುದಿಲ್ಲವೆಂದು ಓದಿ, ಕಣ್ಣು ಬಿಡದ ಮರಿಗಳನ್ನು ನೀನು ಎಂದೂ ಆ ಡಬ್ಬಕ್ಕೆ ಹಾಕಲಿಲ್ಲ. ಚಿಕ್ಕ ಹಾವುಗಳಿಗೆ ಪಿಂಕಿಗಳನ್ನು, ಅಂದರೆ ಕೂದಲು ಮೂಡದ ಇಲಿಮರಿಗಳನ್ನು, ಕೊಂಡೇ ತಂದೆ. ಅಷ್ಟೆಲ್ಲ ಸಿದ್ಧತೆ ಮಾಡಿದ ಹುಡುಗಿ ಆ ಸಂಜೆ ನೆಲದ ಮೇಲೆ ಕುಳಿತಿದ್ದಳು. ಬಲಗೈ ವಾಲ್ವಿನ ಮೇಲೆ, ಎಡಗೈ ಡಬ್ಬದ ಮುಚ್ಚಳದ ಮೇಲೆ. ಮುಚ್ಚಳಕ್ಕೆ ನಾಲ್ಕೂ ಕಡೆ ಬಿಗಿಯಾದ ಕ್ಲಿಪ್ಪುಗಳಿದ್ದವು. ಅದನ್ನು ಒತ್ತಿ ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ಕೈ ಅಲ್ಲಿತ್ತು. ಒಳಗಿನ ಚಲನೆ ನಿಂತ ಮೇಲೂ ನೀನು ಗಡಿಯಾರ ನೋಡುತ್ತ ಕಾದೆ, ಆಗಲೂ ಕೈ ಅಲ್ಲೇ ಇತ್ತು. ಬಳಿಕ ಮೇಲೆ ಬಂದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಹುಳಿಯನ್ನ ಬಡಿಸಿಕೊಂಡು, ಇನ್ನೂ ಸ್ವಲ್ಪ ಹಾಕು ಎಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಟ್ಟೆತುಂಬ ಉಂಡದ್ದು ಗಟ್ಟಿತನವೋ ಕಲ್ಲುತನವೋ ಎಂದು ನಿನ್ನಪ್ಪನನ್ನು ಎಬ್ಬಿಸಿ ಕೇಳಿದೆ. ಹಸಿವಾಗಿರಬೇಕು ಮಲಗು ಎಂದರು.

ಆಮೇಲೆ ನಿಧಾನವಾಗಿ ನನಗೆ ಧೈರ್ಯ ಬಂದದ್ದು ಆ ಕೈಯಿಂದಲೇ. ಕೆಲಸವಿಲ್ಲದಿದ್ದರೂ ಮುಚ್ಚಳದ ಮೇಲೆ ಕೈ ಇಡುವವಳ ಮನಸ್ಸು ಕಲ್ಲಾಗಿರಲಾರದೆಂದು ನನಗೆ ನಾನೇ ಹೇಳಿಕೊಂಡೆ. ಸಾಗರದ ನಮ್ಮ ಮನೆಯ ಅಟ್ಟದಲ್ಲಿ ಅಡಿಕೆಗೆ ಬರುತ್ತಿದ್ದ ಇಲಿಗಳಿಗೆ ಬೋನು ಇಡುತ್ತಿದ್ದರು. ಬೆಳಗಾಗುವುದರೊಳಗೆ ಬೋನು ಖಾಲಿಯಾಗಿ, ತೊಳೆದು ಬೋರಲು ಹಾಕಿರುತ್ತಿತ್ತು. ಇಲಿ ಸತ್ತದ್ದು ಮನೆಮಂದಿಗೆಲ್ಲ ಗೊತ್ತು. ಕೊಂದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ನಾಗರಪಂಚಮಿಯ ದಿನ ಹುತ್ತಕ್ಕೆ ತನಿ ಎರೆದು ಬರುತ್ತಿದ್ದ ನಾವು, ಆ ಹಾವು ವರ್ಷವಿಡೀ ಏನು ತಿಂದು ಬದುಕುತ್ತದೆಂದು ಯೋಚಿಸಿದವರಲ್ಲ. ನೀನು ಹಾಗಲ್ಲ, ಹಾವನ್ನು ಸಾಕುವುದಾದರೆ ಅದರ ತುತ್ತನ್ನೂ ನಾನೇ ಸಾಕಿ, ನಾನೇ ಸಾಯಿಸುತ್ತೇನೆ, ನೋಡುತ್ತಲೇ ಸಾಯಿಸುತ್ತೇನೆ ಎಂದೆ. ನನ್ನ ಸ್ನೇಹಿತೆಯರು ಮೂಗು ಮುರಿದಾಗ ನಾನು ನಿನ್ನ ಪರವಾಗಿ ಇದನ್ನೇ ಹೇಳಿದ್ದೇನೆ. ಶಾಲೆಯಲ್ಲಿ ನೀನು ಆ್ಯಬಿ ಲ್ಯಾತ್ರಾಪ್ ಬಗ್ಗೆ ಮಾತನಾಡಿದ ದಿನ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿಯಲ್ಲಿ 1900ರ ಸುಮಾರಿಗೆ ಆ ಮಾಜಿ ಶಿಕ್ಷಕಿ ಶೋಕಿಗೆ ಮಾರಲೆಂದು ಸಾಕಿದ ಇಲಿಗಳು ಪ್ರಯೋಗಾಲಯಗಳಿಗೆ ಹೋದದ್ದು, ಇಲಿಗಳ ಮೈಮೇಲೆ ಗಂಟು ಕಂಡಾಗ ಆಕೆ ಲಿಯೋ ಲೋಬ್ ಎಂಬ ರೋಗತಜ್ಞರಿಗೆ ಕಳಿಸಿ ಅದು ಕ್ಯಾನ್ಸರೆಂದು ತಿಳಿದದ್ದು, ಇಂದಿನ ಪ್ರಯೋಗಾಲಯಗಳ ಸಿ57 ಬ್ಲ್ಯಾಕ್ 6 ಎಂಬ ಇಲಿ ತಳಿಯ ಮೂಲ ಆಕೆಯ ಇಲಿಗಳೇ ಎಂಬುದು, ಇದನ್ನೆಲ್ಲ ಕಾಗದ ನೋಡದೆ ಹೇಳಿದೆ. ಪಕ್ಕದವರಿಗೆ ಅವಳು ನನ್ನ ಮಗಳು ಎಂದು ಕೇಳದೆಯೇ ಹೇಳಿದವಳು ನಾನು.

ಹೀಗಿರುವಾಗ ಈ ಜುಲೈನಲ್ಲಿ, ನೀನು ಹೊರಡುವ ಮುಂಚೆ ಒಂದು ಸಂಜೆ ಕೆಳಗೆ ಬಂದಾಗ ಕಂಡದ್ದನ್ನು ಹೇಳದೆ ಇರಲಾರೆ. ಡಬ್ಬ ಅದೇ, ವಾಲ್ವು ಅದೇ, ಲೆಕ್ಕವೂ ತಪ್ಪಿರಲಿಲ್ಲ. ಆದರೆ ನಿನ್ನ ಎಡಗೈ ಮುಚ್ಚಳದ ಮೇಲಿರಲಿಲ್ಲ, ಅದರಲ್ಲಿ ಫೋನ್ ಇತ್ತು. ಯಾವುದೋ ವೀಡಿಯೊ ನೋಡಿ ನಗುತ್ತಿದ್ದೆ. ನಾನು ಮಾತಾಡದೆ ಮೇಲೆ ಹೋದೆ. ಇದು ದೊಡ್ಡ ಅಪರಾಧವೇನಲ್ಲ, ಗೊತ್ತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಬಾಟಲಿಯಲ್ಲಿ ಸೋಂಕು ಬೆಳೆದಾಗಲೆಲ್ಲ ಅದು ಯಾರ ರಕ್ತವೋ ಎಂದು ಮೊದಮೊದಲು ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಬಾಟಲಿಯ ನಂಬರು ಓದಿ ವರದಿ ಬರೆಯುತ್ತೇನೆ. ಕೈ ಪಳಗುವುದು ಬೇಕು, ಪಳಗದ ಕೈ ನೋವು ಹೆಚ್ಚಿಸುತ್ತದೆ. ಆದರೂ ಮೊದಲು ಮುಚ್ಚಳದ ಮೇಲಿದ್ದ ಕೈ, ಆಮೇಲೆ ಫೋನ್ ಹಿಡಿದ ಕೈ, ಈಗ ಅಂಗಡಿಯವರೇ ಬಂದು ಒಯ್ಯುತ್ತಾರೆ ಎಂದು ಟೈಪು ಮಾಡುವ ಕೈ, ಇವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಭಾನುವಾರ ನಾನು ಕೂಗಿದ್ದು ಇಲಿಗಳಿಗಾಗಿ ಅಲ್ಲ.

ನಿನಗೇಕೆ ಅವಸರವೆಂಬುದು ನನಗೆ ತಿಳಿಯದೆ ಇಲ್ಲ. ವಿಶ್ವವಿದ್ಯಾಲಯದ ಇಲಿ ಘಟಕದಲ್ಲಿ ಜನವರಿಯಿಂದ ಕೆಲಸ ಸಿಗುವ ಹಾಗಿದೆ, ಮನೆಯಲ್ಲಿ ಇಲಿಗಳಿವೆಯೇ ಎಂದು ಅರ್ಜಿಯಲ್ಲಿ ಕೇಳಿದ್ದಾರೆ, ಇಲ್ಲ ಎಂದು ಬರೆಯುವುದು ನಿನ್ನಾಸೆ. ಉಪದೇಶ ಮಾಡಬಾರದೆಂದೇ ಕೂತವಳು, ಆದರೆ ಇದು ನನ್ನ ವೃತ್ತಿಯ ಮಾತು, ಕೇಳು. ಅವರು ಕೇಳುವುದು ಸುಮ್ಮನೆ ಅಲ್ಲ. ಹೊರಗಿನ ಇಲಿಯ ಸೋಂಕು ಬಟ್ಟೆಯಲ್ಲೋ ಚಪ್ಪಲಿಯಲ್ಲೋ ಒಳಹೊಕ್ಕರೆ ಅವರ ವರ್ಷಗಳ ಕೆಲಸ ಹಾಳು. 2012ರಲ್ಲಿ ನೀನೀಗ ಇರುವ ಇಂಡಿಯಾನಾದಲ್ಲೇ, ಹಾವುಗಳ ಆಹಾರಕ್ಕೆ ಇಲಿ ಸಾಕುವ ಒಂದು ಕೇಂದ್ರದ ಕೆಲಸಗಾರರಿಗೆ ಇಲಿಗಳಿಂದ ಮಿದುಳಿನ ಪೊರೆಗೆ ಉರಿಯೂತ ತರಬಲ್ಲ ಎಲ್‌ಸಿಎಂ ಎಂಬ ವೈರಸ್ ತಗುಲಿತ್ತು. 2010ರಲ್ಲಿ ಹೆಪ್ಪುಗಟ್ಟಿಸಿದ ಇಲಿಗಳಿಂದ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಹರಡಿ ಹಲವು ರಾಜ್ಯಗಳಲ್ಲಿ ಜನ ಕಾಯಿಲೆ ಬಿದ್ದರು. ಫ್ರೀಜರ್ ಸೋಂಕನ್ನು ಕೊಲ್ಲುವುದಿಲ್ಲ, ಹಾಗೆಯೇ ಇಡುತ್ತದೆ. ಆದ್ದರಿಂದ ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆ: ತಾಯಿಯ ಮನೆಯಲ್ಲಿ ಇವೆ, ನವೆಂಬರಿನಲ್ಲಿ ಮುಗಿಯುತ್ತವೆ, ಕೊನೆಯದಾಗಿ ಮುಟ್ಟಿದ ದಿನ ಇಂಥದ್ದು ಎಂದು. ಎಷ್ಟು ದಿನ ಕಾಯಬೇಕೆಂದು ಅವರೇ ಹೇಳಲಿ. ಸುಳ್ಳಿನಿಂದ ಸಿಕ್ಕ ಕೆಲಸದಲ್ಲಿ ದಿನವೂ ಬಾಗಿಲು ದಾಟುವಾಗ ಎದೆ ಅಳುಕುತ್ತದೆ. ಇದೂ ಉಪದೇಶವೇ ಆಯಿತು, ಇರಲಿ.

ನನ್ನ ಬೇಡಿಕೆ ಇಷ್ಟೇ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಾಗ ಇದನ್ನು ನೀನೇ ಮುಗಿಸು. ನಿನ್ನೆ ಹುಟ್ಟಿದವೂ ಅಷ್ಟು ಹೊತ್ತಿಗೆ ದೊಡ್ಡವಾಗಿರುತ್ತವೆ. ಮುಗಿಸಿದವನ್ನು ಪೊಟ್ಟಣ ಕಟ್ಟಿ ದಿನಾಂಕ ಬರೆದು ಕೆಳಗಿನ ಫ್ರೀಜರಿನಲ್ಲಿಟ್ಟರೆ ಕೇಸರಿಗೆ ಬಹುಕಾಲ ಸಾಕು. ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಚಿಮಟದಲ್ಲಿ ಕೊಡುವುದನ್ನು ನಾನೂ ಕಲಿತಿದ್ದೇನೆ. ಕಳೆದ ವಾರ ಅವಳು ತಿನ್ನಲಿಲ್ಲ. ಕಣ್ಣು ನೀಲಿಗಟ್ಟಿದೆ, ಪೊರೆ ಬಿಡುವ ಸಮಯ, ಗಾಬರಿಯಾಗಬೇಡ. ಹರಿದ ಕಿವಿಯ ಆ ಮುದುಕಿ ಇಲಿಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಅದಕ್ಕೆ ಮರಿ ಹಾಕುವ ವಯಸ್ಸು ಮುಗಿದಿದೆ, ನಾನು ಹೋದರೆ ಕುಂಬಳದ ಬೀಜಕ್ಕಾಗಿ ಎರಡು ಕಾಲಿನ ಮೇಲೆ ನಿಲ್ಲುತ್ತದೆ. ನಿನ್ನ ಅರ್ಜಿಗೆ ಅದರಿಂದ ತೊಂದರೆಯೆಂದಾದರೆ ಅದನ್ನು ಯಾರ ಮನೆಯಲ್ಲಿ ಇಡಬೇಕೆಂದು ನಾನು ವಿಚಾರಿಸಿಟ್ಟಿದ್ದೇನೆ. ಮೂರು ವರ್ಷ ನಿನ್ನ ಮೇಲೆ ಅನುಮಾನಪಟ್ಟವಳು ಈಗ ಹೀಗೆ ಬರೆಯುವುದಕ್ಕೆ ನೀನು ನಗಬಹುದು.

ಭಾನುವಾರ ನಿನ್ನನ್ನು ಕಟುಕಿ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದ ಮಾತುಗಳ ಬಗ್ಗೆ ನೀನು ಬಂದ ಮೇಲೆ ನೋಡೋಣ.

ಬುಧವಾರ ರಾತ್ರಿ ಬರುತ್ತೀಯೋ ಗುರುವಾರ ಬೆಳಿಗ್ಗೆಯೋ ಎಂಬುದನ್ನು ಬೇಗ ತಿಳಿಸು. ಅನಿಲದ ಸಿಲಿಂಡರ್ ಹೆಚ್ಚುಕಡಿಮೆ ಖಾಲಿಯಾಗಿದೆ, ಹಬ್ಬದ ವಾರದಲ್ಲಿ ತುಂಬಿಸುವವರು ಬಾಗಿಲು ಹಾಕುತ್ತಾರೆ. ಅದಕ್ಕೆ ಮೊದಲೇ ಒಯ್ದು ತುಂಬಿಸಿಡಲು ನಿನ್ನಪ್ಪನಿಗೆ ಹೇಳಬೇಕು.

ನಿನ್ನ
ಅಮ್ಮ