ಓಡುವಾಗ ಎಂಜಿನ್ ಆಫ್ ಆದರೆ

ಮಾನ್ಯ ಸಂಪಾದಕರೇ,

ಕಾರು ಸ್ಟಾರ್ಟ್ ಮಾಡುವುದನ್ನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಾರೆ. ಓಡುತ್ತಿರುವಾಗಲೇ ಎಂಜಿನ್ ಆಫ್ ಆದರೆ ಏನು ಮಾಡಬೇಕೆಂದು ಹೇಳಿಕೊಡುವವರು ಅಪರೂಪ. ಗಾಬರಿಯಲ್ಲಿ ಎಷ್ಟೋ ಜನ ಬ್ರೇಕನ್ನು ಪದೇಪದೇ ತುಳಿಯುತ್ತಾರೆ, ಇಲ್ಲವೇ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸುತ್ತಾರೆ. ಎರಡೂ ಅಪಾಯ.

ನಿರ್ವಾತದ ನೆರವಿನಿಂದ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದಿರುವ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿದುಹೋಗುತ್ತದೆ. ಆಮೇಲೂ ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಬಲವನ್ನೆಲ್ಲ ಹಾಕಬೇಕು. ಹಾಗಾಗಿ ಒಂದೇ ಸಲ ಒತ್ತಿ, ಬಿಡದೆ ಹಿಡಿಯಬೇಕು. ಕೀಲಿ ಲಾಕ್‌ಗೆ ಹೋದರೆ ಸ್ಟೀರಿಂಗೇ ಬಿಗಿದುಕೊಳ್ಳಬಹುದು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಹಜಾರ್ಡ್ ಲೈಟ್ ಹಾಕಿ, ಉಳಿದಿರುವ ವೇಗದಲ್ಲೇ ರಸ್ತೆಯಂಚಿಗೆ ಸೇರಿಸಿ. ಆಟೊಮ್ಯಾಟಿಕ್ ಆದರೆ 'ಎನ್'ಗೆ. ಉರುಳುತ್ತಿರುವಾಗ 'ಪಿ' (ಪಾರ್ಕ್) ಕಡೆ ಕೈ ಹೋಗಲೇಬಾರದು. ಸ್ಟೀರಿಂಗ್ ಭಾರವಾಗಬಹುದು, ಎರಡೂ ಕೈ ಅದರ ಮೇಲಿರಲಿ. ನಿಂತ ಕಾರಿನಲ್ಲಿ ಎಂಜಿನ್ ಆಫ್ ಮಾಡಿಸಿ ನಾಲ್ಕು ಸಲ ಬ್ರೇಕ್ ತುಳಿಸಿದರೆ ಪೆಡಲ್ ಹೇಗೆ ಕಲ್ಲಾಗುತ್ತದೆಂದು ಕಲಿಯುವವರ ಕಾಲಿಗೇ ಗೊತ್ತಾಗುತ್ತದೆ. ಶಾಲೆಗಳು ಇಷ್ಟಾದರೂ ಮಾಡಲಿ.

ಇನ್ನು ಕಾರಣ. 'ಆಫ್ ಆಯ್ತು' ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಅಂದಾಜಿನ ಮೇಲೆ ಪಾರ್ಟ್ ಬದಲಿಸುತ್ತಾ ಹೋಗಬೇಕಾಗುತ್ತದೆ. ಹೇಗೆ ಆಫ್ ಆಯಿತು ಎಂಬುದರಲ್ಲೇ ಅರ್ಧ ಉತ್ತರವಿದೆ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಐಡಲ್‌ಗೆ ಇಳಿದಾಗ ಮಾತ್ರ ನಿಲ್ಲುತ್ತಿದ್ದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದೆಯೇ, ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಿಸಿ. ಏರು ಹತ್ತುವಾಗ ಜಗ್ಗಿ ಜಗ್ಗಿ ಶಕ್ತಿ ಕುಂದಿ ನಿಂತರೆ ಇಂಧನದ ಕೊರತೆ: ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು. ಪೆಟ್ರೋಲ್ ಕಾರುಗಳಲ್ಲಿ ಕೀಲಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಗುಂಯ್‌ಗುಡುವುದು ಈ ಪಂಪೇ. ಟ್ಯಾಂಕಿನೊಳಗಿನ ಪೆಟ್ರೋಲೇ ಅದನ್ನು ತಂಪಾಗಿಡುವುದರಿಂದ ಸದಾ ರಿಸರ್ವ್‌ನಲ್ಲಿ ಓಡಿಸುವ ಚಟ ಒಳ್ಳೆಯದಲ್ಲ. ಡೀಸೆಲ್ ಆದರೆ ಫಿಲ್ಟರ್‌ನಲ್ಲಿ ನೀರು ಸೇರಿದೆಯೇ ನೋಡಿ.

ಯಾವ ಸೂಚನೆಯೂ ಇಲ್ಲದೆ ಸ್ವಿಚ್ ಒತ್ತಿದ ಹಾಗೆ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವುದೇ ತಲೆನೋವಿನ ಕೇಸು. ಆಗ ಮೊದಲ ಅನುಮಾನ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಕಾರು ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ಅನುಮಾನ ಇನ್ನೂ ಗಟ್ಟಿ. ತಣ್ಣಗಿರುವಾಗ ಪರೀಕ್ಷಿಸಿದರೆ ಈ ಸೆನ್ಸರ್ ಸರಿಯಾಗಿಯೇ ಕಾಣಬಹುದು, ಬಿಸಿಯಲ್ಲೇ ನೋಡಬೇಕು.

ಎಂಜಿನ್ ನಿಂತದ್ದಕ್ಕೆ ಬ್ಯಾಟರಿಯೇ ಕಾರಣವೆಂದು ಅದನ್ನು ಬದಲಿಸುವ ಮುನ್ನ ಎಂಜಿನ್ ಓಡುತ್ತಿರುವಾಗ ವೋಲ್ಟೇಜ್ ಅಳೆಸಿ. ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. 12ರ ಆಸುಪಾಸಿನಲ್ಲೇ ಇಳಿಯುತ್ತಿದ್ದರೆ ಎಂಜಿನ್ ಬಲದಿಂದ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿಯೂ ಅದೇ ರೀತಿ ಖಾಲಿಯಾಗುತ್ತದೆ.