ಗುಂಡನಿಗೆ, ನೆಲಮಾಳಿಗೆಯ ಸ್ಟುಡಿಯೋದಿಂದ

ಲೋ ಗುಂಡ,

'ಇಂಗ್ಲೆಂಡಿಗೆ ಹೋಗಿ ಆರ್‌ಜೆ ಆದ್ಯಂತೆ, ಸಂಬಳ ಎಷ್ಟೋ?' ಅಂತ ಕೇಳಿದ್ದೀಯ. ಸೊನ್ನೆ ಕಣೋ. ಇದು ಆಸ್ಪತ್ರೆ ರೇಡಿಯೋ, ಅಂದ್ರೆ ಹಾಸಿಗೆ ಹಿಡಿದವರಿಗೆ ಅಂತ ಸಂಬಳ ಇಲ್ಲದೆ ಹಾಡು ಹಾಕೋ ಸ್ಟೇಷನ್. ಮೇಲಿಂದ ವರ್ಷಕ್ಕಿಷ್ಟು ಅಂತ ಸದಸ್ಯತ್ವದ ದುಡ್ಡು ನಾನೇ ಕಟ್ತೀನಿ. ಉತ್ತರ ಎಲ್ಲರ ಕಣ್ಣಿಗೂ ಬೀಳೋ ಹಾಗೆ ಬರೀತಿದ್ದೀನಿ, ಯಾಕಂದ್ರೆ ನಿನಗೊಬ್ಬನಿಗೇ ಬರೆದ್ರೆ ನೀನು ಓದಲ್ಲ. ನಾಲ್ಕು ಜನ ನೋಡ್ತಿದ್ದಾರೆ ಅಂದ್ರೆ ಮಾತ್ರ ಓದಿ, ತಪ್ಪು ಹುಡುಕಿ, ಮಾರ್ಕ್ಸು ಹಾಕ್ತೀಯ. 

ಆಸ್ಪತ್ರೆ ರೇಡಿಯೋ ಇಲ್ಲಿಯವರ ಹಳೇ ಹುಚ್ಚು. ಯಾರ್ಕ್ ಊರಿನ ಆಸ್ಪತ್ರೆಯಲ್ಲಿ 1925ರಲ್ಲೇ ಹಾಸಿಗೆ ಪಕ್ಕ ಹೆಡ್‌ಫೋನ್ ಕೊಟ್ಟು ಶುರು ಮಾಡಿದ್ರು. ಹಿಂದೆ ಬಿಬಿಸಿ ರೇಡಿಯೋದಲ್ಲಿ ಹೆಸರು ಮಾಡಿದ್ದ ನಿರೂಪಕ ಕೆನ್ ಬ್ರೂಸ್ ಮೈಕ್ ಮುಂದೆ ಪಳಗಿದ್ದೂ ಗ್ಲಾಸ್ಗೋದ ಆಸ್ಪತ್ರೆ ರೇಡಿಯೋದಲ್ಲೇ. ನಾನು ಬಿಡ್ತೀನಾ? ಮನಃಶಾಸ್ತ್ರದ ಪ್ರೊಫೆಸರಾಗಿದ್ದ ನಮ್ಮ ಎಂ.ವಿ. ಗೋಪಾಲಸ್ವಾಮಿ ಮೇಷ್ಟ್ರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಕೊಂಡು 'ಆಕಾಶವಾಣಿ' ನಡೆಸಿದ್ದನ್ನ ಹೇಳಿ ಜಂಬ ಕೊಚ್ಚಿದೆ. 30 ವ್ಯಾಟ್ ಅಂದಾಗ ನಮ್ಮ ಸ್ಟೇಷನ್ನಿನ ವೈರು-ಸೋಲ್ಡರಿಂಗ್ ನೋಡ್ಕೊಳ್ಳೋ ಮುದುಕಪ್ಪ ನಗಲಿಲ್ಲ, ಗೌರವವಾಗಿ ತಲೆದೂಗಿದ.

ಬುಧವಾರ ಆಫೀಸು ಮುಗಿಸಿ ಹೋಗ್ತೀನಿ. ಕೈಗೆ ಸ್ಯಾನಿಟೈಸರ್, ಕತ್ತಿಗೆ ಗುರುತಿನ ಚೀಟಿ. ವಾರ್ಡಿನ ನರ್ಸನ್ನ ಮೊದಲು ಕೇಳ್ಕೊಂಡು, ಹಾಸಿಗೆಯಿಂದ ಹಾಸಿಗೆಗೆ ಹೋಗಿ 'ಯಾವ ಹಾಡು ಹಾಕ್ಲಿ?' ಅಂತ ಬರ್ಕೊಳ್ಳೋದು. ಏನು ಕಾಯಿಲೆ ಅಂತ ಕೇಳಬಾರದು. ಮೈಕಲ್ಲಿ ಪೂರ್ತಿ ಹೆಸರು ಹೇಳಬಾರದು. 'ಬೇಗ ಹುಷಾರಾಗಿ' ಅನ್ನೋದನ್ನೂ ನೋಡ್ಕೊಂಡು ಹೇಳಬೇಕು, ಹುಷಾರಾಗದವರೂ ಕೇಳ್ತಿರ್ತಾರೆ. ಸಾವು, ಸ್ವರ್ಗ, ಕೊನೇ ವಿದಾಯ ಇರೋ ಹಾಡು ನಾವು ಹಾಕಲ್ಲ. ಇದೇ ನಿಯಮ ನಮ್ಮೂರಿನ ಭಾವಗೀತೆಗಳಿಗೆ ತಂದ್ರೆ ಅರ್ಧ ಗಂಟೆಯಲ್ಲಿ ಸ್ಟೇಷನ್ ಮುಚ್ಚಬೇಕಾಗುತ್ತೆ.

ಹಾಡು ಬರೋದು ರಾತ್ರಿ ಎಂಟಕ್ಕೆ. ಅಷ್ಟು ಹೊತ್ತಿಗೆ ಕೇಳಿದವರು ಮಲಗಿರ್ತಾರೆ, ಇಲ್ಲಾ ಹೆಡ್‌ಫೋನ್ ಕೆಟ್ಟಿರುತ್ತೆ, ಇಲ್ಲಾ ಫೋನಲ್ಲಿ ಇನ್ನೇನೋ ನೋಡ್ತಿರ್ತಾರೆ. ಆನ್‌ಲೈನಲ್ಲಿ ಕೇಳೋರನ್ನ ಬೆರಳಲ್ಲಿ ಎಣಿಸಬಹುದು, ಅದರಲ್ಲಿ ಒಂದು ಬೆರಳು ನನ್ನ ಹೆಂಡತಿಯದು.

ಇಂಥ ಬರಗಾಲದಲ್ಲಿ ಮೂಳೆ ವಾರ್ಡಲ್ಲಿ ಒಬ್ಬ ಅಜ್ಜ ಸಿಕ್ಕಿದ. ಸೊಂಟದ ಮೂಳೆ ಮುರ್ಕೊಂಡು ಬಂದವನು. ಪ್ರತಿ ಸಲ ಹೊಸ ಹಾಡು ಕೇಳೋದು, ಹಿಂದಿನ ವಾರದ್ದನ್ನ ಮಧ್ಯಕ್ಕೇ ಕತ್ತರಿಸಿದೆ ಅಂತ ಬೈಯೋದು. ಬೈದ ಅಂದ್ರೆ ಕೇಳಿದ್ದಾನೆ ಅಂತ ತಾನೆ! ಡಾಕ್ಟರ ಪ್ರಕಾರ ಅವನು ಯಾವತ್ತೋ ಮನೆಗೆ ಹೋಗಬಹುದಿತ್ತು. ಮನೆಯಲ್ಲಿ ನೋಡ್ಕೊಳ್ಳೋಕೆ ಜನ ಸಿಗದೆ ತಡ ಆಗ್ತಿತ್ತು, ಇಲ್ಲಿ ಇದು ಮಾಮೂಲು. 'ಪಾಪ, ಈ ವಾರಾನೂ ಆಗಲಿಲ್ಲ' ಅಂದ್ಲು ನರ್ಸು. ನಾನೂ ಪಾಪ ಅಂದೆ. ಒಳಗೆ ಮಾತ್ರ ಹಿಗ್ಗಿಬಿಟ್ಟೆ ಕಣೋ.

ಆಮೇಲೊಂದು ಬುಧವಾರ ಹೋದ್ರೆ ಆ ಹಾಸಿಗೆಯಲ್ಲಿ ಬೇರೆ ಯಾರೋ. ಗಾಬರಿ ಬೇಡ, ಮನೆಗೇ ಹೋಗಿದ್ದ, ಮಗಳು ಕರ್ಕೊಂಡು ಹೋದಳಂತೆ. ಸಂತೋಷ ಪಡಬೇಕಾದ ಜಾಗದಲ್ಲಿ ನನಗೆ ಬಂದಿದ್ದು ಸಿಟ್ಟು. ಒಂದು ಮಾತು ಹೇಳದೆ ಹೋದನಲ್ಲ ಅಂತ.

ಬೇರೆ ರೇಡಿಯೋದವರು ಕೇಳುಗರು ಹೆಚ್ಚಲಿ ಅಂತ ದೇವರಿಗೆ ಕೈ ಮುಗಿಯಬಹುದು. ನಾನು ಮುಗಿದ್ರೆ ಏನಾಗುತ್ತೆ ಯೋಚನೆ ಮಾಡು. ಚಳಿಗಾಲದಲ್ಲಿ ಹಾಸಿಗೆ ಎಲ್ಲ ತುಂಬಿ ಕಾರಿಡಾರಲ್ಲಿ ಟ್ರಾಲಿ ನಿಂತಾಗ ನಮ್ಮ ಹಾಡಿನ ಪಟ್ಟಿ ಉದ್ದ ಆಗುತ್ತೆ. ಆ ರಾತ್ರಿ ನಾನು ಶಿಳ್ಳೆ ಹಾಕ್ಕೊಂಡು ಕಾರಿನ ಕಡೆ ನಡೀತೀನಿ. ಯುಗಾದಿಗೆ ಇಲ್ಲಿ ನಮ್ಮವರೆಲ್ಲ ಸೇರಿ 'ನಿಸ್ವಾರ್ಥ ಸೇವೆ' ಅಂತ ಶಾಲು ಹೊದಿಸಿದ್ರು, ತಲೆ ತಗ್ಗಿಸಿ ಹೊದ್ಕೊಂಡೆ. ನಿಜ ಹೇಳ್ಲಾ? ಈ ಊರಲ್ಲಿ ಇಷ್ಟು ವರ್ಷ ಇದ್ದು, ನನ್ನ ಮಾತಿಗೆ ಕಿವಿ ಕೊಡೋಕೆ ಎದ್ದು ಹೋಗಲಾರದ ಜನವೇ ಬೇಕಾದ್ರು. ಇದನ್ನ ಮನೆಯಲ್ಲೂ ಹೇಳಿರಲಿಲ್ಲ. ಈಗ ಅವಳೂ ಓದ್ತಾಳೆ, ರಾತ್ರಿ ಊಟಕ್ಕೆ ಏನು ಕಾದಿದೆಯೋ.

ಇರಲಿ ಬಿಡು. ಕಾಲೇಜಲ್ಲಿ ನನ್ನ ಏಕಪಾತ್ರಾಭಿನಯ ಶುರುವಾದ ತಕ್ಷಣ ಜನ ಓಡಿಹೋಗದ ಹಾಗೆ ಹಾಲಿನ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿದವನು ನೀನೇ ಅಲ್ವಾ? ನಿನಗೆ ಇದೇನೂ ಹೊಸದಲ್ಲ.

ನಿನ್ನ ಮಂಡಿ ಹೇಗಿದೆ? ಡಾಕ್ಟರು ಆಪರೇಷನ್ ಅಂದ್ರೆ ಇಲ್ಲಿಗೆ ಬಂದುಬಿಡು. ಸರದಿ ಬರೋದು ತುಂಬಾ ತಡ, ಅಷ್ಟರಲ್ಲಿ ನಿಧಾನವಾಗಿ ಹಾಡಿನ ಪಟ್ಟಿ ಮಾಡ್ಕೊಂಡಿರು. ನೀನು ಎರಡನೇ ಗ್ಲಾಸಿನ ಮೇಲೆ ಹಾಡ್ತೀಯಲ್ಲ, ಅದು ಮಾತ್ರ ನಮ್ಮ ನಿಯಮದಲ್ಲಿ ಬ್ಯಾನ್.

ನಿನ್ನ,
ಮೈಕಾಸುರ